ಈಥೈಲ್ ಅಸಿಟೇಟ್: ಬಳಸುವ ವಿಧಾನ

ಮೊದಲ ಪರೀಕ್ಷೆ ಮೂಗಿನದು. ‘ಅಸಿಟೋನ್ ರಹಿತ’ ಎಂದು ಬರೆದ ನೇಲ್ ಪಾಲಿಶ್ ರಿಮೂವರಿನ ಮುಚ್ಚಳ ತೆಗೆಯಿರಿ. ಪಿಯರ್ ಹಣ್ಣಿನಂಥ ವಾಸನೆ ಬಂದರೆ ಒಳಗಿರುವುದು ಹೆಚ್ಚಾಗಿ ಈ ಮಹಾಶಯನೇ. ಹಣ್ಣಿಗೂ ಬಾಟಲಿಗೂ ಸಂಬಂಧವಿಲ್ಲ. ಆಲ್ಕೋಹಾಲು ಮತ್ತು ವಿನಿಗರಿನ ಅಸಿಟಿಕ್ ಆಮ್ಲ ಕೂಡಿ ಹುಟ್ಟಿದ್ದಿದು. ಹೆತ್ತವರಿಬ್ಬರ ವಾಸನೆಯೂ ಕೂಸಿಗೆ ಬಂದಿಲ್ಲ. ಆದರೆ ನೀರಿನ ಸಹವಾಸದಲ್ಲಿ ಬಹುಕಾಲ ಬಿದ್ದಿದ್ದರೆ ಮೆಲ್ಲಗೆ ಒಡೆದು ಹುಳಿ ನಾತ ಬರುತ್ತದೆ. ಆಗ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ.

ಇನ್ನು ಉಗುರು. ಹತ್ತಿಯನ್ನು ನೆನೆಸಿ, ಉಗುರಿನ ಮೇಲೆ ಒತ್ತಿ ಹಿಡಿದು, ಹತ್ತರವರೆಗೆ ಎಣಿಸಿ, ಒರೆಸಿ. ಇಲ್ಲಿ ಯಾವ ರಾಸಾಯನಿಕ ಪವಾಡವೂ ನಡೆಯುವುದಿಲ್ಲ, ಬರೀ ಕರಗುವಿಕೆ. ನೇಲ್ ಪಾಲಿಶ್ ಕೊಂಡ ದಿನವೂ ಆ ಪುಟ್ಟ ಸೀಸೆಯಲ್ಲಿ ನೈಟ್ರೋಸೆಲ್ಯುಲೋಸನ್ನು ಕರಗಿಸಿ ಹಿಡಿದಿದ್ದದ್ದು ಇದು ಮತ್ತು ಇದರ ಅಣ್ಣ ಬ್ಯುಟೈಲ್ ಅಸಿಟೇಟು. ಬಣ್ಣವನ್ನು ಉಗುರಿಗೆ ತಲುಪಿಸಿ ಅವು ಆರಿಹೋದವು, ಬಣ್ಣ ಉಳಿಯಿತು. ಈಗ ಅದನ್ನು ತೆಗೆಯಲು ಅದೇ ದ್ರವವನ್ನು ಮತ್ತೆ ಕರೆಸಿದ್ದೀರಿ. ಹಚ್ಚುವುದಕ್ಕೊಮ್ಮೆ, ಅಳಿಸುವುದಕ್ಕೊಮ್ಮೆ, ಒಂದೇ ಸರಕಿಗೆ ಎರಡು ಸಲ ದುಡ್ಡು! ವ್ಯಾಪಾರವೆಂದರೆ ಹೀಗಿರಬೇಕು.

ಒರೆಸಿದ ಹತ್ತಿಯನ್ನು ಎಲ್ಲಿಡಬಾರದು? ಗಣೇಶನ ಥರ್ಮಾಕೋಲ್ ಮಂಟಪದ ಮೇಲೆ ಇಟ್ಟರೆ ಮಂಟಪಕ್ಕೆ ತೂತು ಬೀಳುತ್ತದೆ. ಲ್ಯಾಕರ್ ಬಳಿದ ಮೇಜು, ಟಿವಿ ರಿಮೋಟು, ಅಕ್ರಿಲಿಕ್ ಸಾಮಾನು ಇವೂ ಬೇಡ. ಬಾಟಲಿ ಮಾತ್ರ ಕರಗದು, ಅದು ಪಾಲಿಎಥಿಲೀನಿನದು.

ದೇವರ ದೀಪ, ಗ್ಯಾಸ್ ಒಲೆ, ಬೀಡಿ ಮೂರರಿಂದಲೂ ದೂರ. ಇದರ ಆವಿ ಹೊತ್ತಿಕೊಳ್ಳಲು ಮೈನಸ್ 4 ಡಿಗ್ರಿ ಸೆಲ್ಸಿಯಸ್ ಸಾಕು. ಬೀದರಿನ ಚಳಿ ನಿಮ್ಮನ್ನು ಕಾಪಾಡುತ್ತದೆಂಬ ಭ್ರಮೆ ಬೇಡ. ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರವಾದ್ದರಿಂದ ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಕಿಟಕಿ ತೆರೆದಿಡಿ. ಮೂಗಿಗೆ ಹಿತವೆಂದು ಎಳೆದೆಳೆದು ಮೂಸಿದವರಿಗೆ ತಲೆಸುತ್ತು ಉಚಿತ.

ಮುಂದಿನದನ್ನು ಚಿಕ್ಕಮಗಳೂರಿನವರು ಓದದೆ ಹಾರಿಸಬಹುದು. ಕಾಫಿ ಬೀಜವನ್ನು ಹಬೆಯಲ್ಲಿ ಉಬ್ಬಿಸಿ, ಈ ದ್ರವದಲ್ಲಿ ತೊಳೆದು ಕೆಫೀನ್ ತೆಗೆಯುತ್ತಾರೆ. ಕೊಲಂಬಿಯಾದವರು ಕಬ್ಬಿನ ಆಲ್ಕೋಹಾಲಿನಿಂದ ಇದನ್ನು ತಯಾರಿಸಿ, ಪೊಟ್ಟಣದ ಮೇಲೆ ಕಬ್ಬಿನ ಹೆಸರನ್ನೇ ಹಾಕಿ ಮಾರುತ್ತಾರೆ. ಕೆಫೀನಿಲ್ಲದ ಕಾಫಿ ಯಾರಿಗೆ ಬೇಕು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. 100 ಗ್ರಾಂ ನೀರಿನಲ್ಲಿ ಸುಮಾರು 8 ಗ್ರಾಂ ಕರಗೀತು. ಮಿಕ್ಕದ್ದು ನೀರಿನ ಮೇಲೆ ತೇಲುತ್ತ ಚರಂಡಿಯುದ್ದಕ್ಕೂ ಬೆಂಕಿಕಡ್ಡಿ ಹುಡುಕಿಕೊಂಡು ಹೋಗುತ್ತದೆ.