ಅಳಿಯಂದಿರು ಬಂದರು, ಐನೂರು ದಾಟಿತು

ನಮ್ಮ ಮನೆತನದ ಮೂರು ಕವಲು ಮೂರು ಊರಿನ ಕರೆಂಟಿನಲ್ಲಿ ಬೆಳಗುತ್ತಿವೆ. ಅಕ್ಕ-ಭಾವ ಬೆಂಗಳೂರಿನಲ್ಲಿ, ತಮ್ಮ ಮುಂಬೈಯ ಅಂಧೇರಿಯಲ್ಲಿ, ಅಮ್ಮನ ಸಮೇತ ನಾವು ಚೆನ್ನೈಯ ತ್ರಿಪ್ಲಿಕೇನಿನಲ್ಲಿ, ಪಾರ್ಥಸಾರಥಿ ಗುಡಿಗೆ ಕೂಗಳತೆಯಲ್ಲಿ. ಭಾನುವಾರದ ಫೋನಿನಲ್ಲಿ ಮೊದಲು ಮಳೆ, ಆಮೇಲೆ ಮಂಡಿನೋವು, ಕೊನೆಗೆ ಕರೆಂಟು ಬಿಲ್ಲು. ಮೊದಲೆರಡು ಐದು ನಿಮಿಷದಲ್ಲಿ ಮುಗಿಯುತ್ತವೆ.

ಭಾವನಿಗೆ ಈ ವಿಷಯದಲ್ಲಿ ಮೊದಲಿನಿಂದಲೂ ಒಂದು ತೂಕ ಜಾಸ್ತಿ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು ಎಂದು ಹೇಳುವಾಗ ಸ್ವಿಚ್ಚು ಒತ್ತಿದವರು ತಾವೇ ಎನ್ನುವ ಧಾಟಿ. 2023ರಲ್ಲಿ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ ಕೇಳಬೇಡಿ. "ಬಿಲ್ಲು ಎಷ್ಟು ಬಂತು?" ಅಂತ ನಾವು ಕೇಳುವ ಮುಂಚೆಯೇ "ಸೊನ್ನೆ!" ಅನ್ನುತ್ತಾರೆ.

ತಮ್ಮನ ಜಂಬ ಬೇರೆ ಥರದ್ದು. ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ಕರೆಂಟು ಮಾರಬಹುದು ಎಂದು 2003ರ ವಿದ್ಯುತ್ ಕಾಯ್ದೆ ಹೇಳಿದರೂ, ಸಾಮಾನ್ಯ ಮನೆಯವನು ಅದರ ರುಚಿ ನೋಡಿರುವುದು ಮುಂಬೈಯಲ್ಲಿ. ಟಾಟಾ ಪವರ್ ಮನೆಮನೆಗೂ ಕರೆಂಟು ಮಾರಬಹುದೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷ ಅಲ್ಲಿನ ವಿದ್ಯುತ್ ನಿಯಂತ್ರಣ ಆಯೋಗ, ಒಬ್ಬರ ತಂತಿಯಲ್ಲೇ ಇನ್ನೊಬ್ಬರ ಕರೆಂಟು ಹರಿಯಲಿ ಎಂದು ದಾರಿ ಮಾಡಿಕೊಟ್ಟಿತು. ತಮ್ಮ ಒಮ್ಮೆ ಕಂಪನಿ ಬದಲಿಸಿದ್ದಾನೆ. ಅವತ್ತಿನಿಂದ ನಮಗೆಲ್ಲ ಅದೇ ಉಪದೇಶ: "ದರ ಜಾಸ್ತಿಯಾದ್ರೆ ಕಂಪನಿ ಬದಲಾಯಿಸ್ಬೇಕಪ್ಪ, ಸುಮ್ನೆ ಕೂರಬಾರದು."

"ಹೊಸ ಕಂಪನಿಗೆ ಬೇರೆ ತಂತಿ ಎಳೆದ್ರೇನೋ?" ಅಂತ ಅಮ್ಮ ಕೇಳಿದರು.

"ಇಲ್ಲಮ್ಮ, ತಂತಿ ಅದೇ."

"ಬಲ್ಬು ಜಾಸ್ತಿ ಉರಿಯುತ್ತೋ?"

"ಇಲ್ಲ, ಅಷ್ಟೇ."

"ಮತ್ತೆ ಏನು ಬದಲಾಯಿತೋ?"

"ಬಿಲ್ಲಿನ ಮೇಲಿನ ಹೆಸರು."

"ಹೋದ ತಿಂಗಳು ಎಷ್ಟು ಯೂನಿಟ್ಟು ಉರಿಸಿದ್ರಿ?" ಅಂತ ನಾನು ಕೇಳಿದೆ. "ಅಕೌಂಟಿಂದ ತಾನಾಗೇ ಕಟ್ ಆಗುತ್ತಲ್ಲ, ಯಾರು ನೋಡ್ತಾರೆ?" ಅಂದ.

ತ್ರಿಪ್ಲಿಕೇನಿನಲ್ಲಿ ಬದಲಿಸೋಣವೆಂದರೆ ಇರುವುದೊಂದೇ ಇಬಿ, ಅಂದರೆ ಸರಕಾರಿ ವಿದ್ಯುತ್ ಮಂಡಳಿ. ಕಂಪನಿ ಬದಲಾಗದ ಊರಿನಲ್ಲಿ ಮನೆಯವರೇ ಬದಲಾಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಎಂಟು ವರ್ಷದ ಮಗಳಿಗೂ ಸ್ಲ್ಯಾಬು ಬಾಯಿಪಾಠ. ಇಲ್ಲಿ ಲೆಕ್ಕ ಎರಡು ತಿಂಗಳಿಗೊಮ್ಮೆ. 2016ರಿಂದ ಮೊದಲ 100 ಯೂನಿಟ್ಟು ಎಲ್ಲರಿಗೂ ಪುಕ್ಕಟೆ. 2022ರ ಸೆಪ್ಟೆಂಬರಿನಿಂದ 2024ರ ಜೂನ್ ಮುಗಿಯುವವರೆಗಿನ ದರದಂತೆ ಮುಂದಿನ 100ಕ್ಕೆ ತಲಾ 2.25 ರೂಪಾಯಿ, 400ರವರೆಗೆ 4.50, ಆಮೇಲಿನ 100ಕ್ಕೆ 6 ಇತ್ತು. ಆಗ ಸರಿಯಾಗಿ 500 ಉರಿಸಿದರೆ 1725 ರೂಪಾಯಿ ಬರುತ್ತಿತ್ತು. ಒಂದೇ ಒಂದು ಯೂನಿಟ್ಟು ಹೆಚ್ಚಾಗಿ 501 ಆಯಿತೋ, 2.25ರ ರಿಯಾಯಿತಿ ಮಂಗಮಾಯ; ಬಿಲ್ಲು 1958 ಆಗುತ್ತಿತ್ತು. ಆ ಒಂದು ಯೂನಿಟ್ಟಿನ ಬೆಲೆ 233 ರೂಪಾಯಿ! ಅಷ್ಟರಲ್ಲಿ ಮನೆಮಂದಿಯೆಲ್ಲ ಹೋಟೆಲಿನಲ್ಲಿ ಇಡ್ಲಿ-ಸಾಂಬಾರ್ ತಿಂದು, ಕಾಫಿ ಕುಡಿದು ಬರಬಹುದಿತ್ತು.

ಇದರ ಉಸ್ತುವಾರಿ ಅಮ್ಮನದು. ಮೆಟ್ಟಿಲ ಕೆಳಗಿನ ಮೀಟರನ್ನು ವಾರಕ್ಕೊಮ್ಮೆ ಟಾರ್ಚು ಹಾಕಿ ನೋಡಿ, ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತಾರೆ. ಏಕಾದಶಿಯ ಪಕ್ಕದಲ್ಲಿ 212, ಸಂಕಷ್ಟಿಯ ಪಕ್ಕದಲ್ಲಿ 305. ಅಂಕಿ 450 ಮುಟ್ಟಿತೆಂದರೆ ಮನೆಯಲ್ಲಿ ಕಟ್ಟುನಿಟ್ಟು. ಗ್ರೈಂಡರು ಮಲಗುತ್ತದೆ, ದೋಸೆ ಹೋಗಿ ಅವಲಕ್ಕಿ ಬರುತ್ತದೆ, ಎಲ್ಲರೂ ಒಂದೇ ಫ್ಯಾನಿನ ಕೆಳಗೆ ಕೂತು ಪರಸ್ಪರ ಪ್ರೀತಿಸಬೇಕಾಗುತ್ತದೆ.

2024ರ ಮೇ ತಿಂಗಳು, ಅಗ್ನಿ ನಕ್ಷತ್ರದ ಬಿಸಿಲು. ಅಕ್ಕ-ಭಾವ ಬಂದಿಳಿದರು. ಮಗನಿಗಾದರೆ "ಎಸಿ ಆರಿಸೋ" ಅನ್ನಬಹುದು. ಅಳಿಯಂದಿರಿಗೆ ಹೇಳುವುದುಂಟೆ? ಬೆಂಗಳೂರಿನ ಮೈ, ಇಲ್ಲಿನ ಬೆವರು. ಭಾವ ಮಧ್ಯಾಹ್ನ ಊಟ ಮುಗಿಸಿ ಎಸಿ ಕೋಣೆ ಸೇರಿದರೆ ಸಂಜೆ ಕಾಫಿಗೇ ಹೊರಗೆ ಬರುವುದು. ಗಂಟೆಗೆ ಹೆಚ್ಚುಕಡಿಮೆ ಒಂದೂವರೆ ಯೂನಿಟ್ಟು. ಅಮ್ಮ ಬಾಗಿಲ ಬಳಿ ನಿಂತು "ತಣ್ಣಗಾಯ್ತೇ?" ಅಂತ ವಿಚಾರಿಸುತ್ತಿದ್ದರು. ಭಾವ ಅದನ್ನು ಉಪಚಾರವೆಂದೇ ತಿಳಿದು "ಇನ್ನೊಂದು ಸ್ವಲ್ಪ ಇಳಿಸಲಾ ಅತ್ತೆ?" ಅನ್ನುತ್ತಿದ್ದರು.

ರೀಡಿಂಗಿನ ದಿನ ಇಬಿಯವರಿಗೆ ಅಮ್ಮ ಎಂದಿನಂತೆ ಮಜ್ಜಿಗೆ ಕೊಟ್ಟರು. ಅವರು ಬಿಳಿ ಕಾರ್ಡಿನಲ್ಲಿ ಬರೆದು ಹೋದರು: 538 ಯೂನಿಟ್ಟು, 2254 ರೂಪಾಯಿ. ಭಾವ ಕಾರ್ಡು ನೋಡಿ ಮರುಗಿದರು. "ಇದೇನು ಅನ್ಯಾಯ ಅತ್ತೆ! ನೀವೆಲ್ಲ ಬೆಂಗಳೂರಿಗೇ ಬಂದುಬಿಡಿ. ನಮ್ಮಲ್ಲಿ ಎಷ್ಟು ಉರಿಸಿದರೂ ಸೊನ್ನೆ."

"ಎಷ್ಟು ಉರಿಸಿದರೂನಾ?" ಅಂದರು ಅಮ್ಮ.

"ಅಂದ್ರೆ... ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡಾ 10. ನಮಗೆ 170 ಬರುತ್ತೆ. ಅದು ಮೀರಿದ್ರೆ ಮೀರಿದ್ದಕ್ಕಷ್ಟೇ ದುಡ್ಡು."

"ಇನ್ನೂರು ಮೀರಿದ್ರೆ?"

ಭಾವ ತುಸು ತಡೆದು, "ಆಗ ಪೂರ್ತಿ ಕಟ್ಟಬೇಕು. ಯೂನಿಟ್ಟಿಗೆ 5.90. ಆದ್ರೆ ನಮ್ಮದು ಯಾವತ್ತೂ 165 ದಾಟಲ್ಲ" ಅಂದರು.

ಅಮ್ಮ ಒಳಗೆ ಹೋಗಿ ಪಂಚಾಂಗ ತಂದರು. ಅಂಚಿನಲ್ಲಿ ಏನೋ ಕೂಡಿದರು. ಐದು ಜನ, ದಿನಾ ಬೆಳಿಗ್ಗೆ ಬಿಸಿನೀರು, ಗೀಸರಿಗೆ ನಾಲ್ಕು ಯೂನಿಟ್ಟು.

"ದಸರೆಗೆ ಬರ್ತೀವಿ, ಅಳಿಯಂದಿರೇ" ಅಂದರು. "ಜಾಸ್ತಿ ಇರಲ್ಲ. ಹತ್ತು ದಿನ ಸಾಕು."