ಹಳೆಯ ಹೆಸರು, ಹೊಸ ಹೆಸರು

ಮಗುವಿಗೆ ಹೆಸರಿಡಲು ಒಂದು ತೊಟ್ಟಿಲು, ಒಂದು ತಟ್ಟೆ ಅಕ್ಕಿ, ಅದರ ಮೇಲೆ ಬರೆಯಲು ಚಿನ್ನದುಂಗುರ, ಕಿವಿಯಲ್ಲಿ ಉಸುರಲು ಒಬ್ಬ ಸೋದರತ್ತೆ ಇದ್ದರೆ ಸಾಕು. ಇಟ್ಟ ಹೆಸರನ್ನು ಬದಲಿಸಬೇಕಾದರೆ ಸೋದರತ್ತೆಯಿಂದ ಏನೂ ಆಗುವುದಿಲ್ಲ. ಛಾಪಾ ಕಾಗದ, ನೋಟರಿ, ದಿನಪತ್ರಿಕೆ, ರಾಜ್ಯಪತ್ರ ಎಲ್ಲವೂ ಬೇಕು.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ತಿಳಿಸಬೇಕು. ಹೆಸರಿಗೆ ಈ ಅವಸರವಿಲ್ಲ. ಹೆಸರಿಲ್ಲದೆಯೇ ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಹೆಸರು ಸೇರಿಸಬಹುದು. ಸರ್ಕಾರ ಇಷ್ಟು ತಾಳ್ಮೆ ತೋರಿಸುವುದೇ ಅಪರೂಪ. ಆದರೆ ಮನೆಯವರಿಗೆ ಆ ತಾಳ್ಮೆ ಎಲ್ಲಿಯದು? ಆಸ್ಪತ್ರೆಯ ಫಾರಂ ಕೈಗೆ ಬಂದೊಡನೆ ಆ ಹೊತ್ತಿಗೆ ಚೆಂದ ಕಂಡದ್ದನ್ನು ಬರೆಸಿಬಿಡುತ್ತಾರೆ.

ಜಾತಕ ಬರೆಸಿದ ಮೇಲೆ ಪೇಚು ಶುರುವಾಗುತ್ತದೆ. ನಕ್ಷತ್ರದ ಪಾದಪಾದಕ್ಕೂ ಒಂದೊಂದು ಅಕ್ಷರ. ಅಶ್ವಿನಿಯವರು ಚೂ, ಚೇ, ಚೋ, ಲಾ ಎಂದು ಹೇಗೋ ಸುಧಾರಿಸಿಕೊಳ್ಳಬಹುದು. ಆರ್ದ್ರೆಯ ಮೂರನೇ ಪಾದಕ್ಕೆ ಬಂದಿರುವುದು 'ಙ'. ವರ್ಣಮಾಲೆ ಒಪ್ಪಿಸುವಾಗ ಬಿಟ್ಟರೆ ಬೇರೆಲ್ಲೂ ಯಾರೂ ಉಚ್ಚರಿಸದ ಅಕ್ಷರ ಅದು. ಇನ್ನು ಸಂಖ್ಯಾಶಾಸ್ತ್ರದವರು ಇಂಗ್ಲಿಷ್ ಕಾಗುಣಿತಕ್ಕೆ ಒಂದು 'ಎ' ಅಥವಾ 'ಎಚ್' ಸೇರಿಸಲು ಹೇಳುತ್ತಾರೆ. ಆಗ ಕನ್ನಡದ ಅರ್ಜಿಯಲ್ಲಿ 'ಹಳೆಯ ಹೆಸರು: ಸಾನ್ವಿ. ಹೊಸ ಹೆಸರು: ಸಾನ್ವಿ' ಎಂದು ಬರೆಯಬೇಕಾಗುತ್ತದೆ. ಗುಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದುತ್ತಾರೆ.

ಕಾಯ್ದೆಯ 15ನೇ ಸೆಕ್ಷನ್ ತಪ್ಪು ನಮೂದನ್ನು ತಿದ್ದಲು ಅವಕಾಶ ಕೊಡುತ್ತದೆ. ಆದರೆ ಬೇಡವಾದ ಹೆಸರು ತಪ್ಪು ಹೆಸರಲ್ಲ. "ತಪ್ಪಾಗಿದ್ರೆ ತಿದ್ದಬಹುದು ಸಾರ್, ಮನಸ್ಸು ಬದಲಾದ್ರೆ ಏನ್ ಮಾಡೋದು?" ಎಂದು ಕೌಂಟರಿನವರು ಕೇಳಿದರೆ ಅದು ಉಡಾಫೆಯಲ್ಲ, ಕಾನೂನೇ. ಜ್ಯೋತಿಷ್ಯಕ್ಕೆ ಹೊಂದದ ಹೆಸರೊಂದರ ತಕರಾರು ಹೈಕೋರ್ಟಿನವರೆಗೂ ಹೋಗಿತ್ತು. 2025ರಲ್ಲಿ ಕರ್ನಾಟಕ ಹೈಕೋರ್ಟ್, ಕಾಯ್ದೆಯಲ್ಲಿ ಹೆಸರು ಬದಲಾವಣೆಗೆ ದಾರಿಯೇ ಇಲ್ಲವೆಂದು ಗಮನಿಸಿ ತಿದ್ದುಪಡಿ ತರಲು ಸೂಚಿಸಿತು. ಅಲ್ಲಿಯವರೆಗೆ ತಂದೆತಾಯಿಯ ಪ್ರಮಾಣಪತ್ರ (ಅಫಿಡವಿಟ್) ಪಡೆದು ಹೊಸ ಹೆಸರಿನ ಷರಾ ಬರೆಯಬೇಕೆಂದಿತು. ಹಳೆಯ ಹೆಸರೂ ಪಕ್ಕದಲ್ಲೇ ಇರುತ್ತದೆ.

ಉಳಿದ ದಾರಿ ಎಲ್ಲರಿಗೂ ಒಂದೇ. ಮಗು ಅಪ್ರಾಪ್ತವಾದ್ದರಿಂದ ಪ್ರಮಾಣಪತ್ರ ತಂದೆತಾಯಿಯದು. ಇನ್ನು ಮುಂದೆ ಎಲ್ಲ ವ್ಯವಹಾರಗಳಲ್ಲೂ ಮಗುವನ್ನು ಹೊಸ ಹೆಸರಿನಿಂದಲೇ ಕರೆಯತಕ್ಕದ್ದೆಂದು ಅದರಲ್ಲಿ ಘೋಷಿಸುತ್ತಾರೆ. ಅಜ್ಜಿ ಮಾತ್ರ ಆ ಪ್ರಮಾಣಪತ್ರಕ್ಕೆ ಕಿಮ್ಮತ್ತು ಕೊಡದೆ 'ಪುಟ್ಟೀ' ಎಂದೇ ಕೂಗುತ್ತಿರುತ್ತಾರೆ. ಬಳಿಕ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ. ಅಂಕಪಟ್ಟಿ ಕಳೆದುಕೊಂಡವರ ಜಾಹೀರಾತಿನ ಪಕ್ಕದಲ್ಲಿ, ಓದಲು ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ ಅದು ಅಚ್ಚಾಗುತ್ತದೆ. ಕೊನೆಗೆ ರಾಜ್ಯಪತ್ರ.

2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ತಿದ್ದುವ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಆಧಾರ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಜೀವಮಾನಕ್ಕೆ ಎರಡು ಸಲ ಮಾತ್ರ ಹೆಸರು ಬದಲಿಸಬಹುದು. ಇನ್ನೊಬ್ಬ ಜ್ಯೋತಿಷಿಯನ್ನು ಕೇಳುವ ಮುನ್ನ ಈ ಲೆಕ್ಕ ನೆನಪಿರಲಿ. ಏನೇ ಬದಲಿಸುವುದಿದ್ದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ.