ಬಾರದ ಬಾಡಿಗೆಗೂ ತೆರಿಗೆ

ಸ್ಪೇನಿನ ತೆರಿಗೆ ಇಲಾಖೆಯಲ್ಲಿ ಮಾಡೆಲೋ 210 ಎಂಬ ಫಾರ್ಮೊಂದಿದೆ. ಸ್ಪೇನಿನಲ್ಲಿ ಮನೆ ಮಾಡಿಟ್ಟು ತಾವು ಮಾತ್ರ ಬೇರೆ ದೇಶದಲ್ಲಿ ಇರುವವರು ತುಂಬಬೇಕಾದ ಫಾರ್ಮು ಅದು. ಮನೆಯನ್ನು ಬಾಡಿಗೆಗೆ ಕೊಟ್ಟರೆ ತುಂಬಬೇಕು, ಅದು ಸರಿಯೇ. ಬಾಡಿಗೆಗೆ ಕೊಡದೆ ಬೀಗ ಜಡಿದು ಹೋದರೂ ತುಂಬಬೇಕು. ಕೊಟ್ಟಿದ್ದರೆ ಒಂದಿಷ್ಟು ಬರುತ್ತಿತ್ತಲ್ಲ, ಆ ಒಂದಿಷ್ಟಕ್ಕೆ ತೆರಿಗೆ ಕಟ್ಟಿ ಎನ್ನುತ್ತದೆ ಅಲ್ಲಿನ ಸರ್ಕಾರ. ಮದುವೆಗೆ ಹೋಗದವನ ಹತ್ತಿರವೂ ಮುಯ್ಯಿ ವಸೂಲು ಮಾಡಿದ ಹಾಗೆ.

ಈ ಫಾರ್ಮನ್ನು ಬಲ್ಲವರಲ್ಲಿ ಬ್ರಿಟಿಷರು ದೊಡ್ಡ ಗುಂಪು. ವರ್ಷದಲ್ಲಿ ಮುಕ್ಕಾಲು ಪಾಲು ಮೋಡ ಮುಸುಕಿದ ಊರಿನಲ್ಲಿ ದುಡಿದು, ನಿವೃತ್ತಿಗೆ ಮುಂಚೆ ಬಿಸಿಲು ಬೀಳುವ ಕಡೆ ಒಂದು ಮನೆ ಕೊಳ್ಳಬೇಕೆನ್ನುವುದು ಅವರ ಹಳೆಯ ಆಸೆ. ಅಲಿಕಾಂಟೆ ಪ್ರಾಂತ್ಯದ ಕಡಲ ತೀರದಲ್ಲಿ ತೋರೆವಿಯೆಹಾದಂಥ ಊರುಗಳು ಬೆಳೆದಿರುವುದರಲ್ಲಿ ಈ ಆಸೆಯ ಪಾಲು ಬಹಳ. ಕೊಂಡ ಮೇಲೆ ಎರಡನೆಯ ಆಸೆ ಹುಟ್ಟುತ್ತದೆ: ಹೇಗೂ ನಾವು ಇರುವುದು ಕೆಲವೇ ವಾರ, ಉಳಿದ ದಿನ ಬಾಡಿಗೆಗೆ ಬಿಟ್ಟರೆ ಮನೆ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತದಲ್ಲ! ಮೊದಲನೆಯ ಆಸೆಯಿಂದ ಯಾರೂ ಕೆಟ್ಟಿಲ್ಲ. ಫಾರ್ಮುಗಳಲ್ಲಿ ಹೆಚ್ಚಿನವು ಬರುವುದು ಎರಡನೆಯದರ ಹಿಂದೆ.

ಬರ್ಮಿಂಗ್‌ಹ್ಯಾಮಿನ ದಂಪತಿಯನ್ನು ಊಹಿಸಿಕೊಳ್ಳೋಣ. ಎರಡು ಕೋಣೆಯ ಮನೆ, ಇಬ್ಬರೂ ಕುಳಿತರೆ ಬಟ್ಟೆ ಒಣಹಾಕಲು ಜಾಗವಿಲ್ಲದಷ್ಟು ಸಣ್ಣ ಬಾಲ್ಕನಿ, ಮೂಲೆಯಿಂದ ಇಣುಕಿದರೆ ಕಾಣುವ ಸಮುದ್ರ. ಊರಿನ ಪುರಸಭೆ ವರ್ಷಕ್ಕೊಮ್ಮೆ ಕಳಿಸುವ ಕಂದಾಯದ ರಸೀದಿಯಲ್ಲಿ ಮನೆಗೆ ಸರ್ಕಾರ ಕಟ್ಟಿದ ಬೆಲೆ ಇರುತ್ತದೆ. ಇವರದು 80,000 ಯೂರೋ ಎಂದಿಟ್ಟುಕೊಳ್ಳಿ. ಮನೆಯನ್ನು ಬಾಡಿಗೆಗೆ ಕೊಡದಿದ್ದರೆ ಆ ಬೆಲೆಯ ಶೇ 1.1ರಷ್ಟು, ಎಂದರೆ 880 ಯೂರೋ, ಇವರಿಗೆ ವರ್ಷದಲ್ಲಿ ‘ಬಂದಿದೆ’ ಎಂದು ಲೆಕ್ಕ. ಬೆಲೆಯನ್ನು ಬಹುಕಾಲ ಪರಿಷ್ಕರಿಸದ ಊರುಗಳಲ್ಲಿ ಇದು ಶೇ 2. ಆ 880ರ ಮೇಲೆ ಶೇ 24 ತೆರಿಗೆ: 211 ಯೂರೋ 20 ಸೆಂಟ್. ದಂಪತಿ ಊಹೆಯವರು, ಬಾಡಿಗೆಯೂ ಊಹೆಯದು. 20 ಸೆಂಟಿನವರೆಗೆ ನಿಖರವಾಗಿರುವುದು ತೆರಿಗೆಯೊಂದೇ.

ಇದನ್ನು ಇಬ್ಬರೂ ಸೇರಿ ಒಂದೇ ಫಾರ್ಮಿನಲ್ಲಿ ಕಟ್ಟುವಂತಿಲ್ಲ. ಮನೆ ಜಂಟಿ ಹೆಸರಿನಲ್ಲಿದ್ದರೆ ಗಂಡನದೊಂದು ಫಾರ್ಮು, ಹೆಂಡತಿಯದೊಂದು ಫಾರ್ಮು. ನಲವತ್ತು ವರ್ಷ ಒಂದೇ ಟೀ ಪಾತ್ರೆಯಿಂದ ಕುಡಿದವರು ಸ್ಪೇನಿನ ಮುಂದೆ 105 ಯೂರೋ 60 ಸೆಂಟಿನ ಇಬ್ಬರು ಬೇರೆ ಬೇರೆ ವಿದೇಶಿಯರು.

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇದ್ದ ಕೊನೆಯ ವರ್ಷಗಳಲ್ಲಿ ಇಷ್ಟು ಬಿಗಿ ಇರಲಿಲ್ಲ. ಆಗ ದರ ಶೇ 19; ಬಾಡಿಗೆ ಬಂದರೆ ಗುಡಿಸಿ ಒರೆಸುವವರ ಕೂಲಿ, ರಿಪೇರಿ, ವಿಮೆ, ಬ್ಯಾಂಕ್ ಬಡ್ಡಿ ಕಳೆದು ಉಳಿದದ್ದಕ್ಕಷ್ಟೇ ತೆರಿಗೆ. 2021ರಿಂದ ಶೇ 24, ಅದೂ ಒಟ್ಟು ಬಾಡಿಗೆಯ ಮೇಲೆ, ಖರ್ಚು ಕಳೆಯುವ ಮಾತಿಲ್ಲದೆ. ನಮ್ಮ ದಂಪತಿ ಬೇಸಿಗೆಯಲ್ಲಿ ಅರುವತ್ತು ದಿನ ದಿನಕ್ಕೆ 100 ಯೂರೋದಂತೆ ಬಾಡಿಗೆಗೆ ಬಿಟ್ಟರು ಎನ್ನೋಣ. ಬಂದದ್ದು 6,000, ಆ ದಿನಗಳ ಖರ್ಚು 2,500. ಸ್ಪೇನಿಗೆ ಕಟ್ಟಬೇಕಾದದ್ದು 1,440. ಅದೇ ಮಹಡಿಯ ಎದುರು ಬಾಗಿಲಿನಲ್ಲಿ, ಅದೇ ಬಾಡಿಗೆ ಪಡೆದು ಅಷ್ಟೇ ಖರ್ಚು ಮಾಡಿದ ಜರ್ಮನಿಯವರು ಕಟ್ಟುವುದು 665. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕಾಗ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡುವುದು ಮೇಲು.

ಬಾಡಿಗೆಗೆ ಕೊಟ್ಟ ಅರುವತ್ತು ದಿನ ಕಳೆದು ಉಳಿದ 305 ದಿನಗಳಿಗೆ ಊಹೆಯ ಬಾಡಿಗೆಯ ತೆರಿಗೆ ಮತ್ತೆ ಬೇರೆ. ಒಂದೇ ವರ್ಷದಲ್ಲಿ ಬಂದ ಬಾಡಿಗೆಗೂ ಆಯಿತು, ಬಾರದ ಬಾಡಿಗೆಗೂ ಆಯಿತು.

ಇಲ್ಲಿ ಇನ್ನೊಂದು ತಿರುವಿದೆ. ಒಕ್ಕೂಟದಿಂದ ಹೊರಬಂದ ಮೇಲೆ ಬ್ರಿಟಿಷರು ವೀಸಾ ಇಲ್ಲದೆ ಅಲ್ಲಿ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಅಂದರೆ ಬ್ರಿಟಿಷ್ ಮಾಲೀಕ ತನ್ನ ಮನೆಯಲ್ಲೇ ವರ್ಷದ ಅರ್ಧಕ್ಕಿಂತ ಹೆಚ್ಚು ಇರಲಾರ. ಇದ್ದರೆ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವವನು ಹುಬ್ಬು ಗಂಟಿಕ್ಕುತ್ತಾನೆ. ಆದರೆ ಊಹೆಯ ಬಾಡಿಗೆಯ ತೆರಿಗೆಗೆ ಕೊಡುವ ಸಮರ್ಥನೆ ಏನೆಂದರೆ, ಮನೆ ಅಷ್ಟೂ ದಿನ ಮಾಲೀಕನ ಉಪಯೋಗಕ್ಕೆ ಸಿದ್ಧವಾಗಿತ್ತು ಎನ್ನುವುದು! ಒಂದು ಇಲಾಖೆ ಒಳಗೆ ಬರಬೇಡ ಎನ್ನುತ್ತದೆ, ಇನ್ನೊಂದು ಒಳಗೆ ಇರಬಹುದಿತ್ತಲ್ಲ ಎಂದು ಹಣ ಕೇಳುತ್ತದೆ. ಎರಡೂ ಒಂದೇ ಸರ್ಕಾರದ್ದು.

ಖರ್ಚು ಕಳೆಯಬಾರದೆನ್ನುವ ನಿಯಮವನ್ನು ಒಕ್ಕೂಟದ ಹೊರಗಿನ ಮಾಲೀಕರೊಬ್ಬರು ಕೋರ್ಟಿಗೆ ಎಳೆದರು. 2025ರ ಜುಲೈನಲ್ಲಿ ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ ಈ ಭೇದ ಸರಿಯಲ್ಲವೆಂದು ತೀರ್ಪು ಕೊಟ್ಟಿತು. ಮಾಲೀಕರು ಹಳೆಯ ರಸೀದಿಗಳನ್ನು ಡ್ರಾಯರುಗಳಲ್ಲಿ ಹುಡುಕತೊಡಗಿದರೆ ಅವರನ್ನು ದೂರುವ ಹಾಗಿಲ್ಲ. ಆದರೆ ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ಪೆದ್ರೋ ಸಾಂಚೆಸ್, ಸ್ಪೇನಿನಲ್ಲಿ ವಾಸವಿಲ್ಲದ ಒಕ್ಕೂಟದ ಹೊರಗಿನವರು ಮನೆ ಕೊಂಡರೆ ಮನೆಯ ಬೆಲೆಯಷ್ಟರವರೆಗೂ ತೆರಿಗೆ ಹಾಕುವ ಪ್ರಸ್ತಾಪವನ್ನೂ ಮುಂದಿಟ್ಟಿದ್ದರು. ಅಲ್ಲಿನ ಯುವಕರಿಗೆ ಸಂಬಳದಲ್ಲಿ ಬಾಡಿಗೆ ಮನೆ ಸಿಗುತ್ತಿಲ್ಲ ಎನ್ನುವುದು ಇದರ ಹಿಂದಿರುವ ಸಿಟ್ಟು. ಅದು ನ್ಯಾಯವಾದ ಸಿಟ್ಟೇ. ಗಲ್ಲಿಯ ಕಬ್ಬಿಣದ ಗೇಟಿಗೆ ಸಾಲಾಗಿ ತೂಗುಹಾಕಿದ, ನಂಬರು ಒತ್ತಿ ತೆಗೆಯುವ ಬೀಗದಕೈ ಪೆಟ್ಟಿಗೆಗಳನ್ನು ನೋಡಿದರೆ ಅದು ಅರ್ಥವಾಗುತ್ತದೆ. ಒಂದೊಂದು ಪೆಟ್ಟಿಗೆಯೂ ಊರಿನ ಒಂದೊಂದು ಸಂಸಾರ ಬಿಟ್ಟುಹೋದ ಮನೆ. ಬಾರ್ಸಿಲೋನಾ ನಗರವಂತೂ ತನ್ನಲ್ಲಿರುವ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಮನೆಗಳ ಪರವಾನಗಿಯನ್ನು 2028ರೊಳಗೆ ಮುಗಿಸುವುದಾಗಿ ಹೇಳಿದೆ. 2025ರ ಏಪ್ರಿಲ್‌ನಿಂದ ಸ್ಪೇನಿನ ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಪ್ರವಾಸಿಗರಿಗೆ ಮನೆ ಬಿಡಬೇಕಾದರೆ ನೆರೆಹೊರೆಯ ಮಾಲೀಕರಲ್ಲಿ ಐದರಲ್ಲಿ ಮೂರು ಪಾಲಿನ ಒಪ್ಪಿಗೆ ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಒಮ್ಮೆ ಕುಳಿತವರಿಗೆ, ಐದರಲ್ಲಿ ಮೂರು ಜನ ಯಾವುದಕ್ಕಾದರೂ ಒಪ್ಪುವುದು ಎಷ್ಟು ದೊಡ್ಡ ಮಾತೆಂದು ಗೊತ್ತು.

ಇಷ್ಟಾದ ಮೇಲೆ ದಂಪತಿ ತಮ್ಮ ದೇಶಕ್ಕೆ ಮರಳಿದರೆ ಅಲ್ಲೊಂದು ಲೆಕ್ಕ ಕಾದಿರುತ್ತದೆ. ಬ್ರಿಟನ್ನಿನಲ್ಲಿ ವಾಸವಾಗಿರುವವರ ಆದಾಯ ಲೋಕದ ಯಾವ ಮೂಲೆಯಲ್ಲಿ ಹುಟ್ಟಿದರೂ ಬ್ರಿಟನ್ನಿಗೆ ಹೇಳಬೇಕು. ಸ್ಪೇನಿನ ವರ್ಷ ಜನವರಿಯಿಂದ ಡಿಸೆಂಬರ್. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಹಿಂದೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆಗುತ್ತಿತ್ತು. 1752ರಲ್ಲಿ ಪಂಚಾಂಗ ಬದಲಿಸಿ ಹನ್ನೊಂದು ದಿನ ಹಾರಿಸಿದಾಗ ಖಜಾನೆಯವರು ತಮ್ಮ ಹನ್ನೊಂದು ದಿನವನ್ನು ಬಿಟ್ಟುಕೊಡಲಿಲ್ಲ. ಆ ಹಟದ ಫಲವಾಗಿ ಇಂದಿಗೂ ಫೆಬ್ರವರಿಯಲ್ಲಿ ಬಂದ ಬಾಡಿಗೆ ಸ್ಪೇನಿನಲ್ಲಿ ಒಂದು ವರ್ಷಕ್ಕೆ, ಬ್ರಿಟನ್ನಿನಲ್ಲಿ ಇನ್ನೊಂದು ವರ್ಷಕ್ಕೆ ಸೇರುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ಕ್ಯಾಲೆಂಡರು ಹರಡಿಕೊಂಡು ಕುಳಿತ ಹೆಂಡತಿ, ಯೂರೋವನ್ನು ಪೌಂಡಿಗೆ ಬದಲಿಸುತ್ತ ಕ್ಯಾಲ್ಕ್ಯುಲೇಟರು ಒತ್ತುವ ಗಂಡ: ರಜೆ ಎಂದರೆ ಇದೂ ಸೇರಿದೆ.

ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದಿರಲೆಂದು ಎರಡು ದೇಶಗಳ ನಡುವೆ ಒಪ್ಪಂದವಿದೆ. ಮೇಲಿನ ಲೆಕ್ಕದಲ್ಲಿ ಖರ್ಚು ಕಳೆದು ಉಳಿದ 3,500ಕ್ಕೆ ಬ್ರಿಟನ್ನಿನ ಶೇ 20ರ ದರದಲ್ಲಿ 700 ಆಗುತ್ತದೆ. ಸ್ಪೇನಿಗೆ ಆಗಲೇ 1,440 ಕಟ್ಟಿರುವುದರಿಂದ ಬ್ರಿಟನ್ ಆ 700ನ್ನು ಬಿಡುತ್ತದೆ. ಉಳಿದ 740? ಅದನ್ನು ವಾಪಸು ಕೊಡಲು ಬ್ರಿಟನ್ನೇನು ತೆಗೆದುಕೊಂಡಿತ್ತೇ? ಊಹೆಯ ಬಾಡಿಗೆಗೆ ಕಟ್ಟಿದ್ದಕ್ಕೂ ಅಲ್ಲಿ ಸೊನ್ನೆ. ಬ್ರಿಟನ್ ಅಂಥದೊಂದು ಆದಾಯವನ್ನೇ ಕಂಡಿಲ್ಲವಾದ್ದರಿಂದ ಕಳೆಯುವುದಾದರೂ ಯಾವುದರಿಂದ?

ಊಹೆಯ ಬಾಡಿಗೆಯನ್ನು ಸ್ಪೇನ್ ಒಂದೇ ಕಂಡುಹಿಡಿದದ್ದು ಎಂದುಕೊಂಡರೆ ಸ್ವಿಟ್ಜರ್ಲೆಂಡಿಗೆ ಅನ್ಯಾಯವಾದೀತು. ಅಲ್ಲಿ ಸ್ವಂತ ಮನೆಯಲ್ಲಿ ತಾನೇ ಇರುವವನೂ ತನಗೆ ತಾನೇ ಬಾಡಿಗೆ ಕೊಟ್ಟುಕೊಂಡಂತೆ ಭಾವಿಸಿ ತೆರಿಗೆ ಕಟ್ಟುತ್ತ ಬಂದ. ಜನಕ್ಕೆ ಕೊನೆಗೂ ಸಾಕಾಗಿ 2025ರ ಸೆಪ್ಟೆಂಬರ್ 28ರಂದು ಮತ ಹಾಕಿ ಅದನ್ನು ತೆಗೆದುಹಾಕಲು ಒಪ್ಪಿದರು. ಒಪ್ಪಿದವರು ಶೇ 57.7. ಉಳಿದ ಶೇ 42.3ರಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರೇ ಇರಬೇಕೆಂದು ಊಹಿಸಲು ತೆರಿಗೆ ಅಧಿಕಾರಿಯಾಗಬೇಕಿಲ್ಲ.

ತೆರಿಗೆಯವರಿಗೆ ಹೇಳದೆ ಸುಮ್ಮನಿದ್ದುಬಿಟ್ಟರೆ? ಹಿಂದೆ ಬಹಳ ಜನ ಹಾಗೇ ಇದ್ದರು. ಗ್ರೀಸ್ ದೇಶ ಸಾಲದಲ್ಲಿ ಮುಳುಗಿದ್ದ 2010ರ ಸುಮಾರಿಗೆ, ಅಥೆನ್ಸಿನ ಉತ್ತರದ ಸಿರಿವಂತ ಬಡಾವಣೆಗಳಲ್ಲಿ ಈಜುಕೊಳವಿದೆ ಎಂದು ತೆರಿಗೆಯವರಿಗೆ ಹೇಳಿದ್ದವರು 324 ಜನ. ಉಪಗ್ರಹದ ಚಿತ್ರ ತೆಗೆಸಿ ಎಣಿಸಿದರೆ 16,974 ಕೊಳಗಳು. ಫ್ರಾನ್ಸಿನ ತೆರಿಗೆ ಇಲಾಖೆ 2021ರಲ್ಲಿ ಎಣಿಸುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಿತು. ಆಕಾಶದಿಂದ ತೆಗೆದ ಫೋಟೋ ನೋಡಿ ಅದು ಘೋಷಿಸದ 20 ಸಾವಿರಕ್ಕೂ ಹೆಚ್ಚು ಕೊಳಗಳನ್ನು ಹಿಡಿದುಕೊಟ್ಟಿತು. ಮೊದಮೊದಲು ತಾರಸಿಯ ಸೌರಫಲಕವನ್ನೂ ಈಜುಕೊಳವೆಂದು ಭ್ರಮಿಸಿತಂತೆ, ಪಾಪ. ಈಗಂತೂ ಆಕಾಶಕ್ಕೆ ಹೋಗುವ ಕೆಲಸವೂ ಇಲ್ಲ. ಪ್ರವಾಸಿಗರಿಗೆ ಬಾಡಿಗೆ ಮನೆ ಕೊಡಿಸುವ ಏರ್‌ಬಿಎನ್‌ಬಿಯಂಥ ಕಂಪನಿಗಳೇ ಯಾರ ಮನೆ, ಎಷ್ಟು ದಿನ, ಎಷ್ಟು ಹಣ ಎಂದು ಯುರೋಪಿನ ತೆರಿಗೆ ಇಲಾಖೆಗಳಿಗೆ ವರದಿ ಕೊಡಬೇಕು. ಬಾಡಿಗೆ ಜಮೆಯಾದ ಬ್ಯಾಂಕ್ ಖಾತೆಯ ವಿವರವನ್ನು ನೂರಕ್ಕೂ ಹೆಚ್ಚು ದೇಶಗಳು ಪರಸ್ಪರ ಹಂಚಿಕೊಳ್ಳುತ್ತವೆ.

ಆ ನೂರರಲ್ಲಿ ಭಾರತವೂ ಇದೆ. 2024ರ ನವೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆ ಕೆಲವರಿಗೆ ಎಸ್ಸೆಮ್ಮೆಸ್ಸು, ಇಮೇಲು ಕಳಿಸಿತು: ನಿಮಗೆ ವಿದೇಶದಲ್ಲಿ ಏನೋ ಇರುವಂತಿದೆ, ನಿಮ್ಮ ರಿಟರ್ನನ್ನು ಇನ್ನೊಮ್ಮೆ ನೋಡಿಕೊಳ್ಳಿ ಎನ್ನುವ ಧಾಟಿಯಲ್ಲಿ, ಬಹಳ ಸೌಜನ್ಯದಿಂದ. 24,678 ಮಂದಿ ನೋಡಿಕೊಂಡರು. ಹೊರಬಂದ ವಿದೇಶಿ ಆಸ್ತಿ 29,208 ಕೋಟಿ ರೂಪಾಯಿಯದೆಂದು ಇಲಾಖೆ ಹೇಳಿದೆ. ಇಷ್ಟು ದೊಡ್ಡ ಮೊತ್ತವನ್ನು ಜ್ಞಾಪಕಕ್ಕೆ ತಂದ ಎಸ್ಸೆಮ್ಮೆಸ್ಸು ಇನ್ನೊಂದಿರಲಾರದು.

ಕನ್ನಡಿಗರ ಮಟ್ಟಿಗೆ ಈ ವಿಷಯ ಬರುವುದು ಹೆಚ್ಚಾಗಿ ದುಬೈ ಹೆಸರಿನಲ್ಲಿ. ಅಲ್ಲಿ ದುಡಿದು ಊರಿಗೆ ಮರಳಿದವರು ಫ್ಲ್ಯಾಟನ್ನು ಇಟ್ಟುಕೊಂಡಿರುತ್ತಾರೆ. ಇಲ್ಲೇ ಇದ್ದು ಕೊಂಡವರೂ ಉಂಟು. ದುಬೈನಲ್ಲಿ ಬಾಡಿಗೆಗೆ ಆದಾಯ ತೆರಿಗೆ ಇಲ್ಲ ಎನ್ನುವುದು ನಿಜ. ಮಾರುವವರು ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. ಕೊಂಡವರು ಭಾರತದ ನಿವಾಸಿಯಾಗಿದ್ದರೆ ಆ ಬಾಡಿಗೆ ಇಲ್ಲಿನ ಆದಾಯವೇ. ಶೇ 30 ರಿಪೇರಿಗೆಂದು ಕಳೆದು (ನಲ್ಲಿ ಸೋರಲಿ ಬಿಡಲಿ) ಉಳಿದದ್ದಕ್ಕೆ ತೆರಿಗೆ. ಮನೆಯ ವಿವರವನ್ನು ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಬೇರೆ ಬರೆಯಬೇಕು. ಆದಾಯದ ಲೆಕ್ಕಕ್ಕೆ ಏಪ್ರಿಲ್‌ನಿಂದ ಮಾರ್ಚ್, ಆ ಪಟ್ಟಿಗೆ ಜನವರಿಯಿಂದ ಡಿಸೆಂಬರ್. ಬರ್ಮಿಂಗ್‌ಹ್ಯಾಮಿನ ಎರಡು ಕ್ಯಾಲೆಂಡರು ಇಲ್ಲಿ ಒಂದೇ ಫಾರ್ಮಿನೊಳಗೆ ಬಂದಿವೆ. ಬರೆಯದಿದ್ದರೆ 2015ರ ಕಪ್ಪುಹಣದ ಕಾಯ್ದೆಯಡಿ 10 ಲಕ್ಷ ರೂಪಾಯಿಯ ದಂಡ ಬೀಳಬಹುದು.

ಊಹೆಯ ಬಾಡಿಗೆಯೂ ನಮ್ಮಲ್ಲಿಲ್ಲದೆ ಇಲ್ಲ. ಎರಡು ಮನೆಯವರೆಗೆ ಸ್ವಂತ ಉಪಯೋಗಕ್ಕೆಂದು ಬಿಡುತ್ತಾರೆ. ಮೂರನೆಯದಿದ್ದರೆ ಅದನ್ನು ಬಾಡಿಗೆಗೆ ಕೊಟ್ಟಂತೆಯೇ ಭಾವಿಸಬೇಕು. ಜಯನಗರದಲ್ಲೊಂದು, ಮೈಸೂರಿನಲ್ಲೊಂದು, ದುಬೈನಲ್ಲೊಂದು ಮನೆಯುಳ್ಳ ರಾಯರೊಬ್ಬರು ಜುಲೈ ತಿಂಗಳ ಕೊನೆಯಲ್ಲಿ ಆಡಿಟರ ಮುಂದೆ ಕುಳಿತರೆ ಮಾತು ಹೀಗೆ ಸಾಗುತ್ತದೆ:

“ದುಬೈ ಫ್ಲ್ಯಾಟು ಖಾಲಿ ಇದೆ ಆಡಿಟರ್ರೇ. ಡಿಸೆಂಬರಿನಲ್ಲಿ ನಾವೇ ಹೋಗಿ ಹದಿನೈದು ದಿನ ಇದ್ದು ಬರ್ತೀವಿ ಅಷ್ಟೆ.”

“ಆಗಲಿ ರಾಯರೇ. ಸ್ವಂತಕ್ಕೆ ಯಾವ ಎರಡು ಮನೆ ಅಂತ ನೀವೇ ಆರಿಸಿಕೊಳ್ಳಬಹುದು. ದುಬೈ ಬಾಡಿಗೆ ಜಾಸ್ತಿ, ಅದನ್ನ ಸ್ವಂತಕ್ಕೆ ತೋರಿಸಿಬಿಡೋಣ. ಮೈಸೂರಿನದನ್ನ ಬಾಡಿಗೆಗೆ ಕೊಟ್ಟಂಗೆ ಲೆಕ್ಕ ಹಾಕೋಣ.”

“ಮೈಸೂರಿನಲ್ಲಿ ನಮ್ಮತ್ತೆ ಇದ್ದಾರಲ್ಲ ಸ್ವಾಮಿ!”

“ಬಾಡಿಗೆ ಕೊಡ್ತಾರಾ?”

“ಛೆ, ಛೆ.”

“ಕೊಡದಿದ್ದರೆ ಏನಾಯಿತು, ಕೊಟ್ಟ ಹಾಗೆ ಬರಕೊಳ್ತೀನಿ. ತಿಂಗಳಿಗೆ ಎಷ್ಟು ಹಾಕಲಿ?”

ರಾಯರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: “ಇದು ನಮ್ಮ ಮನೆಯವರಿಗೆ ಗೊತ್ತಾಗಬೇಕಾ?”

“ಇಲಾಖೆಗೆ ಗೊತ್ತಾದರೆ ಸಾಕು,” ಎನ್ನುತ್ತಾರೆ ಆಡಿಟರು, ಪೆನ್ನಿನ ಮುಚ್ಚಳ ತೆಗೆಯುತ್ತ.